ಮಗು ಶಾಲೆಗೆ ಸಿದ್ಧವೇ? ಒಂದು ಪ್ರಶ್ನೆಯ ಇತಿಹಾಸ



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಮೂರು ನಾಲ್ಕು ವರ್ಷದ ಮಗುವೊಂದಿದ್ದರೆ, ಶಾಲೆಗೆ ಸೇರಿಸುವ ಕಾಲ ಹತ್ತಿರವಾದಂತೆ ಹಿರಿಯರ ಮಾತು ಯಾವ ಕಡೆಗೆ ಹೊರಳುತ್ತದೆಂಬುದನ್ನು ನೀವು ಗಮನಿಸಿರಬಹುದು. “ಪಕ್ಕದ ಮನೆ ಹುಡುಗಿ ಆಗಲೇ ನೂರರವರೆಗೂ ಹೇಳ್ತಾಳೆ, ನಮ್ಮವನಿಗೆ ಇನ್ನೂ ಬಳಪ ಹಿಡಿಯೋಕೇ ಬರೋದಿಲ್ಲ.” “ಮೂರು ತುಂಬಿತು, ಮಾತು ಇನ್ನೂ ಸ್ಪಷ್ಟ ಇಲ್ಲ.” “ಶಿಶುವಿಹಾರದಲ್ಲಿ ದಿನಾ ಅಳ್ತಾಳಂತೆ, ಇನ್ನೊಂದು ವರ್ಷ ಮನೆಯಲ್ಲೇ ಇಟ್ಟುಕೊಳ್ಳೋಣವಾ?” ತಂದೆತಾಯಿಯರ ಈ ಕಳವಳ ಪ್ರಾಮಾಣಿಕವಾದುದು. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಅದು ಹುಟ್ಟುತ್ತದೆ.

ಆದರೆ ಆ ಕಳವಳ ಇಂದು ತಳೆದಿರುವ ರೂಪ ಬಹಳ ಹಳೆಯದಲ್ಲ. ಮಗುವಿನ ಬೆಳವಣಿಗೆಯನ್ನು ತಿಂಗಳ ಲೆಕ್ಕದಲ್ಲಿ ಅಳೆದು, “ಇದು ಶಾಲೆಗೆ ಸಿದ್ಧ, ಇದು ಸಿದ್ಧವಲ್ಲ” ಎಂದು ವಿಂಗಡಿಸುವ ಪದ್ಧತಿಗೆ ನೂರು ವರ್ಷಕ್ಕಿಂತ ತುಸು ಹೆಚ್ಚಿನ ಇತಿಹಾಸವಿದೆ. ಈ ಪ್ರಶ್ನೆಯನ್ನು ಮೊದಲು ಕೇಳಿದವರು ಯಾರು? ಯಾವ ಉದ್ದೇಶದಿಂದ ಕೇಳಿದರು? ಅವರ ಉದ್ದೇಶ ಮುಂದೆ ಏನಾಯಿತು? ಇವನ್ನು ತಿಳಿದರೆ, ಕಳವಳಪಡುವ ಮನೆಯವರಿಗೆ ನೀವೇ ನಾಲ್ಕು ಮಾತು ಹೇಳಬಲ್ಲಿರಿ.

ಬಳ್ಳಾರಿಯ ಕೂಲಿಮಠ

ಮೊದಲು ನಮ್ಮ ನಾಡಿನಿಂದಲೇ ಆರಂಭಿಸೋಣ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಎಲ್ಲ ಜಿಲ್ಲೆಗಳಿಂದ ದೇಶೀಯ ಶಾಲೆಗಳ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಅವುಗಳಲ್ಲಿ ಬಹಳ ಪ್ರಸಿದ್ಧವಾದುದು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಇದ್ದರು. ಆ ಶಾಲೆಗಳಲ್ಲಿ 235 ಕನ್ನಡ ಶಾಲೆಗಳು.

ಹಿಂದೂ ಮಕ್ಕಳ ವಿದ್ಯಾಭ್ಯಾಸ ಸಾಮಾನ್ಯವಾಗಿ ಐದನೆಯ ವರ್ಷಕ್ಕೆ ಆರಂಭವಾಗುತ್ತಿತ್ತೆಂದು ಕ್ಯಾಂಪ್‌ಬೆಲ್ ಬರೆಯುತ್ತಾನೆ. ಆ ದಿನ ಮಗು ಶಾಲೆಗೆ ಹೋಗುತ್ತಿರಲಿಲ್ಲ. ಗುರುವೂ ಅವನ ಶಿಷ್ಯರೂ ಮಗುವಿನ ಮನೆಗೆ ಬರುತ್ತಿದ್ದರು. ಗಣೇಶನ ಸುತ್ತ ಎಲ್ಲರೂ ಕೂರುತ್ತಿದ್ದರು. ಗುರು ಮಗುವಿನ ಪಕ್ಕದಲ್ಲಿ ಕುಳಿತು, ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಿದ್ದ. ಇದೇ ನಾವು ಇಂದಿಗೂ ಕಾಣುವ ಅಕ್ಷರಾಭ್ಯಾಸ. ಬೆರಳಿನಲ್ಲಿ ಬಲವಿದೆಯೇ, ಗೆರೆ ನೆಟ್ಟಗಿದೆಯೇ ಎಂದು ಅಲ್ಲಿ ಯಾರೂ ಪರೀಕ್ಷಿಸುತ್ತಿರಲಿಲ್ಲ. ಕೈ ಮಗುವಿನದು, ಅದನ್ನು ನಡೆಸುವ ಬಲ ಗುರುವಿನದು.

ಮಠದೊಳಗೂ ಒಂದೇ ವಯಸ್ಸಿನ ಮಕ್ಕಳ ಸಾಲು ಇರಲಿಲ್ಲ. ಕಲಿಕೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ನೋಡಿ ಮಕ್ಕಳನ್ನು ಗುಂಪು ಮಾಡುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. ಮರಳ ಮೇಲೆ ತಿದ್ದುವವನ ಪಕ್ಕದಲ್ಲೇ ಲೆಕ್ಕ ಒಪ್ಪಿಸುವವನು ಕೂರುತ್ತಿದ್ದ. ಹೀಗಿರುವಾಗ “ನನ್ನ ಮಗು ತರಗತಿಯಲ್ಲಿ ಹಿಂದೆ ಬಿದ್ದಿದೆ” ಎಂಬ ಮಾತಿಗೆ ಹೆಚ್ಚು ಅವಕಾಶವೇ ಇರಲಿಲ್ಲ.

ಆದರೆ ಹಳೆಯದೆಲ್ಲ ಚಿನ್ನವೆಂದು ಭಾವಿಸಬೇಡಿ. ಆ ಮಠಗಳಲ್ಲಿ ಬೆತ್ತವಿತ್ತು. ತಡವಾಗಿ ಬಂದ ಹುಡುಗರಿಗೆ ಅದರ ರುಚಿ ಸಿಗುತ್ತಿತ್ತು. ಆ 6,641 ವಿದ್ಯಾರ್ಥಿಗಳಲ್ಲಿ ಹಿಂದೂ ಹೆಣ್ಣುಮಕ್ಕಳು ಕೇವಲ 60. ಬಡವರ ಮಕ್ಕಳು ದುಡಿಮೆಗೆ ಬೇಕಾಗಿದ್ದುದರಿಂದ ಶಾಲೆಯಿಂದ ದೂರವೇ ಉಳಿದರೆಂದು ಕ್ಯಾಂಪ್‌ಬೆಲ್ ಗುರುತಿಸಿದ್ದಾನೆ. ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂಬ ನಿಯಮವಿಲ್ಲದ ಕಾಲದಲ್ಲಿ, ಬಾರದ ಮಗುವಿನ ಬಗ್ಗೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ನಮ್ಮ ಪ್ರಶ್ನೆ ಹುಟ್ಟಿದ್ದು ಎಲ್ಲರಿಗೂ ಶಿಕ್ಷಣ ಕಡ್ಡಾಯವಾದ ಮೇಲೆ, ಇನ್ನೊಂದು ದೇಶದಲ್ಲಿ.

ಪ್ಯಾರಿಸಿನಲ್ಲಿ ಹುಟ್ಟಿದ ಅಳತೆಗೋಲು

ಫ್ರಾನ್ಸ್ ದೇಶದಲ್ಲಿ 1882ರ ಕಾನೂನು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಅದುವರೆಗೆ ಶಾಲೆಯ ಮೆಟ್ಟಿಲು ಹತ್ತದಿದ್ದ ಮಕ್ಕಳೂ ತರಗತಿಗೆ ಬಂದರು. ಅವರಲ್ಲಿ ಕೆಲವರು ಪಾಠ ಹಿಡಿಯಲಾರದೆ ಹಿಂದುಳಿದರು. ಅವರಿಗೆ ಯಾವ ಬಗೆಯ ಶಿಕ್ಷಣ ಕೊಡಬೇಕೆಂದು ಪರಿಶೀಲಿಸಲು 1904ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು. ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಅದರ ಸದಸ್ಯ.

ಬಿನೆಗೆ ಒಂದು ಅಳುಕಿತ್ತು. ಉಪಾಧ್ಯಾಯರ ಅಭಿಪ್ರಾಯವೊಂದನ್ನೇ ನಂಬಿದರೆ, ತುಂಟ ಹುಡುಗನೂ ಮಂಕನೆನಿಸಿಕೊಂಡು ಹೊರಹಾಕಲ್ಪಡಬಹುದು. ನಿಜವಾಗಿ ನೆರವು ಬೇಕಾದ ಮೌನಿ ಮಗು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಹಾಗಾಗಿ ತನ್ನ ಸಹೋದ್ಯೋಗಿ ಥಿಯೋಡರ್ ಸಿಮೋನ್ ಜೊತೆಗೂಡಿ 1905ರಲ್ಲಿ 30 ಸಣ್ಣ ಸಣ್ಣ ಪರೀಕ್ಷೆಗಳ ಒಂದು ಮಾಲೆಯನ್ನು ರಚಿಸಿದ. 1908ರಲ್ಲಿ ಅದನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದ. ಮೂರು ವರ್ಷದ ಮಗು ಮೂಗು, ಕಣ್ಣು, ಬಾಯಿ ತೋರಿಸಬೇಕು. ನಾಲ್ಕು ವರ್ಷದ ಮಗು ಬೀಗದ ಕೈ, ಚಾಕು, ನಾಣ್ಯ ನೋಡಿ ಹೆಸರು ಹೇಳಬೇಕು. ಐದು ವರ್ಷದ ಮಗು ಚೌಕ ನೋಡಿ ಚೌಕ ಬರೆಯಬೇಕು, ನಾಲ್ಕು ನಾಣ್ಯ ಎಣಿಸಬೇಕು. ಇಂದು ನಮ್ಮ ಶಿಶುವಿಹಾರಗಳ ಪ್ರಗತಿಪತ್ರಗಳಲ್ಲಿ ಕಾಣುವ ಎಷ್ಟೋ ಅಂಶಗಳು ನಿಮಗೆ ಇಲ್ಲಿ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ.

ಇಲ್ಲಿ ಒಂದು ವಿಷಯವನ್ನು ಮುಖ್ಯವಾಗಿ ನೆನಪಿಡಿ. ಬಿನೆ ಅಳತೆಗೋಲು ಮಾಡಿದ್ದು ಮಗುವಿಗೆ ಬಾಗಿಲು ಮುಚ್ಚಲಿಕ್ಕಲ್ಲ, ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ಕಂಡುಕೊಳ್ಳಲಿಕ್ಕೆ. ಬುದ್ಧಿಯೆಂಬುದು ಹುಟ್ಟಿನಲ್ಲೇ ಅಳೆದು ಕೊಟ್ಟ ಸರಕು, ಅದು ಹೆಚ್ಚಲಾರದು ಎನ್ನುವವರನ್ನು ಅವನು 1909ರ ತನ್ನ ಪುಸ್ತಕದಲ್ಲಿ ಕಟುವಾಗಿ ವಿರೋಧಿಸಿದ. ಹಿಂದುಳಿದ ಮಕ್ಕಳ ತರಗತಿಗಳಲ್ಲಿ ಗಮನವನ್ನು ಬೆಳೆಸುವ ಆಟಗಳನ್ನು ಆಡಿಸಿದ. ಅವುಗಳಲ್ಲೊಂದು, ಹೇಳಿದ ಕೂಡಲೇ ಶಿಲೆಯಂತೆ ಅಲುಗದೆ ನಿಲ್ಲುವ ಆಟ. ನಮ್ಮ ಬೀದಿಯ ಮಕ್ಕಳು ‘ಸ್ಟ್ಯಾಚ್ಯೂ’ ಎಂದು ಕೂಗಿ ಆಡುವುದೂ ಅದೇ ಬಗೆಯ ಆಟ. ಪಾಠ ಕಲಿಯುವ ಮೊದಲು ಕಲಿಯುವುದನ್ನು ಕಲಿಸಬೇಕೆಂಬುದು ಅವನ ವಿಚಾರ.

ನೆರವಿನ ಗೋಲು ತಕ್ಕಡಿಯಾಯಿತು

ಬಿನೆ 1911ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಅವನ ಪರೀಕ್ಷೆಗಳು ಅಮೆರಿಕಕ್ಕೆ ತಲುಪಿದ್ದವು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಲೆಕ್ಕ ಸೂಚಿಸಿದ. 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿ ಟರ್ಮನ್ ಪರೀಕ್ಷೆಯನ್ನು ಪರಿಷ್ಕರಿಸಿ, ಐ.ಕ್ಯೂ. ಎಂಬ ಅಂಕಿಯನ್ನು ಜನಪ್ರಿಯಗೊಳಿಸಿದ. ಬುದ್ಧಿ ಬಹುಮಟ್ಟಿಗೆ ವಂಶದಿಂದ ಬರುವುದೆಂದು ನಂಬಿದವನು ಅವನು. ಹೀಗೆ ನೆರವು ಹುಡುಕುವ ಗೋಲು, ಮಕ್ಕಳನ್ನು ತೂಗಿ ಬೇರೆಮಾಡುವ ತಕ್ಕಡಿಯಾಯಿತು.

ಈ ಪರೀಕ್ಷೆ ಕನ್ನಡಕ್ಕೂ ಬಂತು. ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ, ಇಲ್ಲಿನ ಮಕ್ಕಳ ಮೇಲೆಯೇ ಪ್ರಯೋಗಿಸಿ, 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪರದೇಶದ ಮಗುವಿಗೆ ಮಾಡಿದ ಅಳತೆ ಇಲ್ಲಿನ ಮಗುವಿಗೆ ಹಾಗೆಯೇ ಹೊಂದದು ಎಂಬ ಅರಿವು ಈ ಕೆಲಸದ ಹಿಂದಿತ್ತು. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರು ನಮ್ಮ ದೇಶದ ಮನೋವಿಜ್ಞಾನದಲ್ಲಿ ಬಹುಕಾಲ ಬಾಳಿತು.

ಇದೇ ಅವಧಿಯಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಆರ್ನಾಲ್ಡ್ ಗೆಸೆಲ್ ಎಳೆಯ ಮಕ್ಕಳ ಬೆಳವಣಿಗೆಯನ್ನು ಚಲನಚಿತ್ರದಲ್ಲಿ ಸೆರೆಹಿಡಿಯುತ್ತಿದ್ದ. ಯಾವ ತಿಂಗಳಲ್ಲಿ ಮಗು ಕೂರುತ್ತದೆ, ನಿಲ್ಲುತ್ತದೆ, ಘನಾಕೃತಿಗಳನ್ನು ಒಂದರ ಮೇಲೊಂದು ಇಡುತ್ತದೆ ಎಂಬ ಪಟ್ಟಿಗಳನ್ನು ಮಾಡಿದ. 1929ರಲ್ಲಿ ಅವನೂ ಹೆಲೆನ್ ಥಾಂಪ್ಸನ್ ಎಂಬಾಕೆಯೂ ಪ್ರಕಟಿಸಿದ ಒಂದು ಪ್ರಯೋಗ ಕುತೂಹಲಕರವಾಗಿದೆ. ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ 46ನೆಯ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ತರಬೇತಿ ಕೊಟ್ಟರು. ಇನ್ನೊಬ್ಬಳಿಗೆ ಏನೂ ಕಲಿಸದೆ, 53ನೆಯ ವಾರದಿಂದ ಎರಡೇ ವಾರ ಅಭ್ಯಾಸ ಮಾಡಿಸಿದರು. ತಡವಾಗಿ ಆರಂಭಿಸಿದವಳು ಬಹುಬೇಗ ಅಕ್ಕನ ಸಮಕ್ಕೆ ಬಂದಳು! ಕಾಲು ಬಲಿಯುವ ಮೊದಲು ಆತುರಪಟ್ಟರೆ ಫಲ ಅಲ್ಪ ಎಂಬುದು ಗೆಸೆಲ್‌ನ ತೀರ್ಮಾನ.

ತೀರ್ಮಾನದಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧದಲ್ಲಿ ಅಪಾಯವಿತ್ತು. “ಬಲಿಯುವವರೆಗೆ ಕಾಯಿರಿ” ಎಂಬ ಮಾತನ್ನು ಹಿಡಿದು, 1931ರಲ್ಲಿ ಅಮೆರಿಕದ ವಿನೆಟ್ಕಾ ಊರಿನ ಶಾಲೆಗಳ ಅಧ್ಯಯನವೊಂದು ಆರೂವರೆ ವರ್ಷದ ಮಾನಸಿಕ ವಯಸ್ಸಿಗೆ ಮೊದಲು ಓದು ಕಲಿಸುವುದು ಪ್ರಯೋಜನವಿಲ್ಲವೆಂದು ಸಾರಿತು. ಬಹಳ ಕಾಲ ಅನೇಕ ಶಿಕ್ಷಕರು ಅದನ್ನು ವೇದವಾಕ್ಯವೆಂದು ನಂಬಿದರು. ರಷ್ಯಾದ ಲೆವ್ ವೈಗೋಟ್ಸ್ಕಿ ಇದಕ್ಕೆ ಬೇರೆಯದೇ ಉತ್ತರ ಕೊಟ್ಟ. ಮಗು ಇಂದು ಒಂಟಿಯಾಗಿ ಏನು ಮಾಡಬಲ್ಲದು ಎಂದಷ್ಟೇ ನೋಡಬಾರದು. ಬಲ್ಲವರ ನೆರವಿನಿಂದ ಏನು ಮಾಡಬಲ್ಲದು ಎಂಬುದನ್ನೂ ನೋಡಬೇಕು, ಕಲಿಕೆ ನಡೆಯುವುದು ಆ ಎರಡರ ನಡುವಿನ ಜಾಗದಲ್ಲಿ ಎಂದ. ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸಿದ ಬಳ್ಳಾರಿಯ ಗುರುವನ್ನು ಇಲ್ಲಿ ನೆನೆಯಬಹುದು.

ಸರಾಸರಿ ಎಂದರೆ ಗಡುವಲ್ಲ

ಗೆಸೆಲ್ ಪಟ್ಟಿಗಳಿಂದ ಇನ್ನೊಂದು ತೊಡಕೂ ಆಯಿತು. ಪಟ್ಟಿಯಲ್ಲಿದ್ದ ವಯಸ್ಸನ್ನು ಜನ ಗಡುವೆಂದು ತಿಳಿದರು. ಗಣಿತ ಓದುವ ನೀವು ಇದನ್ನು ಸುಲಭವಾಗಿ ಬಿಡಿಸಬಲ್ಲಿರಿ. ನೂರು ಮಕ್ಕಳು ನಡೆಯಲು ಕಲಿತ ವಯಸ್ಸನ್ನು ಕಿರಿದರಿಂದ ಹಿರಿದಕ್ಕೆ ಬರೆದು ನಡುವಿನ ಅಂಕಿ ಹಿಡಿದರೆ, ಸುಮಾರು ಐವತ್ತು ಮಕ್ಕಳು ಅದಕ್ಕಿಂತ ತಡವಾಗಿಯೇ ನಡೆದಿರುತ್ತಾರೆ. ಆ ಐವತ್ತೂ ಮಕ್ಕಳಲ್ಲಿ ದೋಷವಿದೆಯೆನ್ನಲು ಸಾಧ್ಯವೇ?

ಇದನ್ನು ಅರಿತೇ 1967ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ರಚಿತವಾದ ಬೆಳವಣಿಗೆಯ ತಪಾಸಣಾ ಪಟ್ಟಿ ಒಂದೇ ಅಂಕಿಯನ್ನು ಕೊಡದೆ, 100ರಲ್ಲಿ 25, 50, 75, 90 ಮಕ್ಕಳು ಆ ಕೆಲಸ ಕಲಿಯುವ ವಯಸ್ಸುಗಳನ್ನು ಪಟ್ಟೆಯಾಗಿ ಬರೆಯಿತು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಶಿಶುಗಳ ಅಧ್ಯಯನವನ್ನು ಪ್ರಕಟಿಸಿತು. ಆ ಐದರಲ್ಲಿ ಭಾರತವೂ ಒಂದು. ಇಲ್ಲಿನ ಮಕ್ಕಳು ದೆಹಲಿಯವರು. ಆಸರೆಯಿಲ್ಲದೆ ನಡೆಯುವುದಕ್ಕೆ ಅವರು ಕಂಡ ಅವಧಿ ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ! ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋದರು.

ಶಾಲೆಯ ತರಗತಿಯಲ್ಲೂ ಈ ಲೆಕ್ಕವಿದೆ. ಒಂದೇ ಜೂನ್ ತಿಂಗಳಲ್ಲಿ ಸೇರಿದ ಇಬ್ಬರಲ್ಲಿ ಒಬ್ಬನಿಗೆ ಆಗತಾನೆ ಐದು ತುಂಬಿರಬಹುದು, ಇನ್ನೊಬ್ಬನಿಗೆ ಆರು ಸಮೀಪಿಸಿರಬಹುದು. ನಡುವಿನ ಅಂತರ ಕಿರಿಯವನ ಈವರೆಗಿನ ಬದುಕಿನ ಐದನೆಯ ಒಂದು ಭಾಗ. ಇಬ್ಬರ ಬರಹವನ್ನು ಪಕ್ಕ ಪಕ್ಕ ಇಟ್ಟು ಒಬ್ಬನನ್ನು ಜಾಣ, ಒಬ್ಬನನ್ನು ದಡ್ಡ ಎನ್ನುವುದು ಎಂಥ ನ್ಯಾಯ?

ಮಗುವಿನ ಬಳಿಗೆ ಹೋದ ಶಾಲೆ

ಅಳೆಯುವವರ ಈ ಸಾಲಿನ ಜೊತೆಗೇ ಇನ್ನೊಂದು ಸಾಲಿನವರೂ ಇದ್ದರು. ಮಗು ಶಾಲೆಗೆ ಸಿದ್ಧವೇ ಎನ್ನುವ ಬದಲು, ಶಾಲೆ ಮಗುವಿಗೆ ಸಿದ್ಧವೇ ಎಂದು ಇವರು ಕೇಳಿದರು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಎಳೆಯರಿಗಾಗಿ ಆಟದ ಮನೆ ತೆರೆದು, 1840ರಲ್ಲಿ ಅದಕ್ಕೆ ‘ಮಕ್ಕಳ ತೋಟ’ ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ. ನಮ್ಮ ಎಲ್.ಕೆ.ಜಿ., ಯು.ಕೆ.ಜಿ.ಗಳ ‘ಕೆ.ಜಿ.’ ಇದೇ. ತೋಟಗಾರ ಗಿಡವನ್ನು ಎಳೆದು ಉದ್ದ ಮಾಡುವುದಿಲ್ಲ ಎಂಬುದು ಆ ಹೆಸರಿನಲ್ಲೇ ಅಡಗಿದೆ.

ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು. ತಂದೆತಾಯಿಯರು ದುಡಿಯಲು ಹೋದಾಗ ಮೆಟ್ಟಿಲು, ಗೋಡೆ ಕೆಡಿಸುತ್ತಿದ್ದ ಮಕ್ಕಳನ್ನು ಒಂದೆಡೆ ನೋಡಿಕೊಳ್ಳಬೇಕೆಂಬುದಷ್ಟೇ ಕಟ್ಟಡದವರ ಅಪೇಕ್ಷೆ. ಮಾಂಟೆಸೊರಿ ಮಕ್ಕಳ ಎತ್ತರಕ್ಕೆ ತಕ್ಕ ಮೇಜು ಕುರ್ಚಿ ಮಾಡಿಸಿದರು, ಮಕ್ಕಳ ಕೈಗೇ ಕೆಲಸ ಕೊಟ್ಟರು, ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕೂರಿಸಿದರು. ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಆ ಮಕ್ಕಳು ಓದು ಬರಹ ಕಲಿತರು. 1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದ ಕಾರಣ ಮರಳಿ ಹೋಗಲಾಗದೆ 1946ರವರೆಗೆ ಭಾರತದಲ್ಲೇ ಉಳಿದು, ನೂರಾರು ಶಿಕ್ಷಕರನ್ನು ತಯಾರು ಮಾಡಿದರು.

ಅವರು ಬರುವ ಮೊದಲೇ ಇಲ್ಲಿ ಕೆಲಸ ಆರಂಭವಾಗಿತ್ತು. ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದು, ಕತೆ ಆಟಗಳ ಮೂಲಕ ಕಲಿಸಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿ ಗ್ರಾಮಕ್ಕೆ ಬಂದರು. ಬಡವರ, ಆದಿವಾಸಿಗಳ ಮಕ್ಕಳು ಶಾಲೆಯತ್ತ ಸುಳಿಯಲಿಲ್ಲ. ತಾರಾಬಾಯಿ ಮತ್ತು ಅನುತಾಯಿ ವಾಘ್ ಶಾಲೆಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು. ದುಬಾರಿ ಉಪಕರಣಗಳ ಬದಲು ಕಲ್ಲು, ಎಲೆ, ಬೀಜ, ಚಿಪ್ಪುಗಳಿಂದ ಕಲಿಸಿದರು. ಅಂಗಳದ ಈ ಶಾಲೆಯೇ ‘ಅಂಗನವಾಡಿ’. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಈ ಹೆಸರೇ ನಾಡಿನಾದ್ಯಂತ ಹಬ್ಬಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ.

ಬಾಗಿಲಲ್ಲಿ ನಿಂತ ಪರೀಕ್ಷೆ

ಅಂಗಳದಲ್ಲಿ ಹೀಗಾದರೆ, ನಗರಗಳಲ್ಲಿ ಬೇರೆಯೇ ಆಯಿತು. ಶಾಲೆಗಳಲ್ಲಿ ಜಾಗ ಕಡಿಮೆ, ಬೇಡಿಕೆ ಹೆಚ್ಚು. ಮೂರು ವರ್ಷದ ಮಗುವಿಗೆ ಬಣ್ಣಗಳ ಹೆಸರು ಕೇಳುವ ಸಂದರ್ಶನಗಳು ಶುರುವಾದವು. ನೆರವಿಗೆಂದು ಬಿನೆ ಹುಡುಕಿದ ಪ್ರಶ್ನೆಗಳು ಬಾಗಿಲ ಅಗಳಿಯಾದವು.

1989ರಲ್ಲಿ ಮೈಸೂರಿನ ಕಾದಂಬರಿಕಾರ ಆರ್. ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಆಡಿದ ತಮ್ಮ ಮೊದಲ ಭಾಷಣವನ್ನು ಮಕ್ಕಳ ಬೆನ್ನಿನ ಪುಸ್ತಕದ ಹೊರೆಗೆ ಮೀಸಲಿಟ್ಟರು. ಮುಂದೆ ಪ್ರೊ. ಯಶಪಾಲ್ ಅವರ ಅಧ್ಯಕ್ಷತೆಯ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ನರ್ಸರಿ ಪ್ರವೇಶದ ಪರೀಕ್ಷೆ ಮತ್ತು ಸಂದರ್ಶನಗಳನ್ನು ರದ್ದುಮಾಡಬೇಕು, ಎಳೆಯರ ಮೇಲೆ ಓದು ಬರಹ ಲೆಕ್ಕಗಳ ಅತಿಭಾರ ಹೇರಬಾರದು ಎಂದು ಅದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಕಲಮು ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಯರನ್ನಾಗಲಿ ಜಾಲರಿ ಹಿಡಿದು ಸೋಸುವುದನ್ನು ನಿಷೇಧಿಸಿ, ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ ಗೊತ್ತುಮಾಡಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿತು. ಪೋಷಕರ ಒತ್ತಾಯದ ಮೇಲೆ 2025–26ರ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಪ್ರವೇಶದ ವಯಸ್ಸು ಆಡಳಿತದ ಅನುಕೂಲಕ್ಕೆ ಎಳೆದ ಗೆರೆಯೆಂಬುದು ಇದರಿಂದ ನಿಮಗೆ ಹೊಳೆದೀತು. ಮಗುವಿನ ಮೈಮನಸ್ಸು ಆ ಗೆರೆಯನ್ನು ನೋಡಿ ಬೆಳೆಯುವುದಿಲ್ಲ.

ಹಾಗಾದರೆ ಕಳವಳಪಡಲೇಬಾರದೇ?

ಹಾಗೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. “ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ತಾನಾಗೇ ಬರುತ್ತೆ ಬಿಡು” ಎಂದು ಕೈಕಟ್ಟಿ ಕೂರುವುದೂ ತಪ್ಪೇ. ಮಾತು ಬಾರದಿರುವುದಕ್ಕೆ ಕಿವಿ ಕೇಳಿಸದಿರುವುದು ಕಾರಣವಾಗಿರಬಹುದು. ಹಾಗಿದ್ದರೆ ಕಳೆದ ಒಂದೊಂದು ತಿಂಗಳೂ ನಷ್ಟವೇ. ಕರೆದರೆ ತಿರುಗದ ಮಗು, ಮೊದಲು ಆಡುತ್ತಿದ್ದ ಮಾತನ್ನು ಬಿಟ್ಟ ಮಗು, ಹದಿನೆಂಟು ತಿಂಗಳಾದರೂ ನಡೆಯದ ಮಗು, ಯಾರ ಮುಖವನ್ನೂ ನೋಡದ ಮಗು: ಇವರನ್ನು ವೈದ್ಯರಿಗೆ ತೋರಿಸಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುತ್ತವೆ. ಮಾತು ಮತ್ತು ಶ್ರವಣದ ತೊಂದರೆಗಳಿಗೆ 1960ರ ದಶಕದಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದುದು.

ನೋಡಿ, ಅಳತೆ ಇಲ್ಲಿಯೂ ಇದೆ. ಆದರೆ ಈ ಅಳತೆ ಬಿನೆ ಬಯಸಿದ ಅಳತೆ. ಅದು ಮುಗಿದ ಮೇಲೆ ಮಗುವಿಗೆ ಏನಾದರೂ ದೊರೆಯುತ್ತದೆ: ಶ್ರವಣ ಸಾಧನ, ಮಾತಿನ ತರಬೇತಿ, ಪೌಷ್ಟಿಕ ಆಹಾರ, ಇಲ್ಲವೇ “ಹೆದರಬೇಡಿ, ಮಗು ಚೆನ್ನಾಗಿದೆ” ಎಂಬ ಧೈರ್ಯದ ಮಾತು. ಪ್ರವೇಶದ ಸಂದರ್ಶನದಲ್ಲಿ ನಡೆಯುವ ಅಳತೆಯಿಂದ ಮಗುವಿಗೆ ಏನೂ ದೊರೆಯುವುದಿಲ್ಲ, ಇದ್ದ ಸೀಟೊಂದು ಕೈತಪ್ಪುತ್ತದೆ ಅಷ್ಟೆ. ಮಗುವನ್ನು ಯಾರೇ ಅಳೆಯಲು ಬಂದರೂ, “ಅಳೆದ ಮೇಲೆ ಇವನಿಗೆ ಏನು ಮಾಡುತ್ತೀರಿ?” ಎಂದು ಕೇಳುವುದನ್ನು ನೀವು ಕಲಿಯಬೇಕು. ನಿಮ್ಮಲ್ಲಿ ಕೆಲವರು ನಾಳೆ ಶಿಕ್ಷಕರಾಗುತ್ತೀರಿ, ಕೆಲವರು ವೈದ್ಯರು, ಬಹುಮಂದಿ ತಂದೆತಾಯಿಯರು. ಅಂದು ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರೂ ನೀವೇ.

ಚರ್ಚಿಸಿ

1. ನಿಮ್ಮ ಮನೆಯ ಹಿರಿಯರು ಯಾವ ವಯಸ್ಸಿನಲ್ಲಿ ಶಾಲೆಗೆ ಸೇರಿದರು? ಅಂದು ಅವರ ವಯಸ್ಸನ್ನು ಹೇಗೆ ನಿರ್ಧರಿಸಿದರು? ಕೇಳಿ ಬರೆಯಿರಿ.

2. ಹತ್ತಿರದ ಅಂಗನವಾಡಿಗೆ ಹೋಗಿ, ಅಲ್ಲಿನ ಶಿಕ್ಷಕಿಯ ಅನುಮತಿ ಪಡೆದು ಒಂದು ಗಂಟೆ ಮಕ್ಕಳ ಆಟ ನೋಡಿ. ದೊಡ್ಡ ಮಕ್ಕಳಿಂದ ಚಿಕ್ಕವರು ಕಲಿತ ಒಂದೆರಡು ಸಂಗತಿಗಳನ್ನು ಗುರುತಿಸಿ.

3. ನಿಮ್ಮ ತರಗತಿಯ ಎಲ್ಲರ ಜನ್ಮ ತಿಂಗಳುಗಳ ಪಟ್ಟಿ ಮಾಡಿ. ಅತಿ ಹಿರಿಯರಿಗೂ ಅತಿ ಕಿರಿಯರಿಗೂ ಎಷ್ಟು ತಿಂಗಳ ಅಂತರವಿದೆ? ಒಂದನೆಯ ತರಗತಿಯಲ್ಲಿ ಆ ಅಂತರದ ಪರಿಣಾಮ ಇಂದಿಗಿಂತ ಹೆಚ್ಚಾಗಿದ್ದಿರಬಹುದೇ?